ಎಲೆಗೆ ಉಪ್ಪು ಮಾತ್ರ ಬಡಿಸಿದ ಹಾಸ್ಯನಟರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಹೆಸರು ಹಾಕಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಹಾಕಿದರೆ ಎರಡು ಕಷ್ಟ. ನಿಮ್ಮ ಅಭಿಮಾನಿಗಳು ನನ್ನ ಮೇಲೆ ಬೀಳುತ್ತಾರೆ. ಆ ಗಲಾಟೆಯಲ್ಲಿ ನಿಮ್ಮ ಹಾಸ್ಯ ಕಾದಂಬರಿ ಇನ್ನೊಂದು ಮುದ್ರಣ ಕಾಣುತ್ತದೆ. ಮೊದಲನೆಯದನ್ನು ಹೇಗೋ ತಡೆದುಕೊಂಡೇನು. ಎರಡನೆಯದಕ್ಕೆ ನಾನು ಕಾರಣಳಾಗುವುದು ಬೇಡ.

ನಾನು ತುಮಕೂರಿನವಳು. ಇಪ್ಪತ್ತೊಂದು ವರ್ಷದಿಂದ ದಿನಾ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಸಂಜೆ ವಾಪಸ್ ಬರುತ್ತೇನೆ. ಹೋಗುವಾಗ ಒಂದೂವರೆ ಗಂಟೆ, ಬರುವಾಗ ಒಂದೂವರೆ ಗಂಟೆ. ರೈಲಿಗೆ ಮನಸ್ಸು ಬಂದರೆ ಎರಡು. ನನ್ನ ಓದೆಲ್ಲ ಅಲ್ಲೇ. ಕೂರಲು ಜಾಗ ಸಿಕ್ಕಿದ ದಿನ ದಪ್ಪ ಪುಸ್ತಕ, ಸಿಗದ ದಿನ ತೆಳು ಪುಸ್ತಕ. ಹಾಸ್ಯದ ಪುಸ್ತಕವನ್ನು ಪರೀಕ್ಷೆ ಮಾಡಲು ರೈಲಿಗಿಂತ ಒಳ್ಳೆಯ ಜಾಗ ಇಲ್ಲ. ಮನೆಯಲ್ಲಿ ಒಬ್ಬಳೇ ಕೂತು ನಗುವುದು ಸುಲಭ. ಎದುರಿಗೆ ಆರು ಜನ ಕೂತಿರುವಾಗ, ಅದರಲ್ಲಿ ನಾಲ್ಕು ಜನ ನಿದ್ದೆ ಹೊಡೆಯುತ್ತಿರುವಾಗ, ತಡೆಯಲಾಗದೆ ಒಂದು ಸಲ ‘ಫುಸ್’ ಅಂತ ನಗು ಹೊರಗೆ ಬಂದರೆ ಆ ಪುಸ್ತಕ ಪಾಸು. ತೇಜಸ್ವಿಯವರ ‘ಕರ್ವಾಲೊ’ ಓದುವಾಗ ಮಂದಣ್ಣನ ದೆಸೆಯಿಂದ ನಾನು ಚಿಕ್ಕಬಾಣಾವರದಿಂದ ಯಶವಂತಪುರದವರೆಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದೆ. ಪಕ್ಕದವರು ನಾನು ಅಳುತ್ತಿದ್ದೇನೆ ಅಂದುಕೊಂಡು ನೀರಿನ ಬಾಟಲಿ ಕೊಟ್ಟಿದ್ದರು.

ನಿಮ್ಮ ಕಾದಂಬರಿಯನ್ನು ನಾಲ್ಕು ದಿನ ಓದಿದೆ. ಮೂರನೇ ದಿನ ನಮ್ಮ ಬೋಗಿಯ ಹಳೆಯ ಜೊತೆಗಾರರೊಬ್ಬರು ಮೆಲ್ಲಗೆ ಕೇಳಿದರು, “ಯಾಕ್ ಮೇಡಂ, ಮನೇಲಿ ಎಲ್ಲಾ ಆರಾಮ ತಾನೆ?”

ಇದನ್ನು ಬರೆಯುತ್ತಿರುವವಳು ನಿಮ್ಮ ವಿರೋಧಿಯಲ್ಲ. ನಿಮ್ಮ ಪುಸ್ತಕ ಬಿಡುಗಡೆಗೆ ಬಂದಿದ್ದೆ. ಭಾನುವಾರ. ವಾರಕ್ಕೆ ಆರು ದಿನ ಹತ್ತುವ ರೈಲನ್ನು ಏಳನೇ ದಿನವೂ ಹತ್ತಿದೆ ಎಂದರೆ ಅಭಿಮಾನ ಎಷ್ಟಿರಬೇಕು ನೋಡಿ. ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಪುಸ್ತಕ ಬಿಡುಗಡೆ ಅಂದರೆ ಸಾಮಾನ್ಯವಾಗಿ ಮೂವತ್ತು ಜನ, ಉಪ್ಪಿಟ್ಟು, ಕೇಸರಿಬಾತು, ಕಾಫಿ. ಆ ಮೂವತ್ತರಲ್ಲಿ ಹತ್ತು ಜನ ಲೇಖಕರ ಮನೆಯವರು, ಇನ್ನು ಹತ್ತು ಜನ ಉಪ್ಪಿಟ್ಟಿಗೆ ಬಂದವರು. ನಿಮ್ಮ ಕಾರ್ಯಕ್ರಮಕ್ಕೆ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಉಪ್ಪಿಟ್ಟು ಹತ್ತು ಗಂಟೆಗೇ ಖಾಲಿ. ನೀವು ಮೈಕ್ ಹಿಡಿದು ಏನೂ ಮಾತಾಡದೆ ಸುಮ್ನೆ ಒಂದು ಸಲ ಅಧ್ಯಕ್ಷರ ಕಡೆ ನೋಡಿದಿರಿ. ಅವರು ಆಗಲೇ ಐವತ್ತು ನಿಮಿಷ ಮಾತಾಡಿದ್ದರು. ಅಷ್ಟಕ್ಕೇ ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಆ ನಗುವಿನಲ್ಲೇ 350 ರೂಪಾಯಿ ಕೊಟ್ಟು ಸಾಲಿನಲ್ಲಿ ನಿಂತೆ. ಮೊದಲ ಪುಟದಲ್ಲಿ “ನಗುತಾ ಇರಿ” ಅಂತ ಬರೆದು ಸಹಿ ಹಾಕಿದಿರಿ. ಆ ಪುಸ್ತಕದಲ್ಲಿ ಕೈಬರಹದಲ್ಲಿರುವ ವಾಕ್ಯ ಅದೊಂದೇ. ಮುಖದಲ್ಲಿ ನಗು ತರಿಸಿದ ವಾಕ್ಯಗಳಲ್ಲೂ ಅದು ಸೇರಿದೆ ಅಂತ ಆಗ ಗೊತ್ತಿರಲಿಲ್ಲ.

ನಿಮ್ಮನ್ನು ನಾನು ಮೆಚ್ಚಲು ಶುರುಮಾಡಿದ್ದು ಒಂದು ಸಣ್ಣ ಪ್ರಹಸನದಿಂದ. ನಿಮಗೂ ನೆನಪಿರುತ್ತದೆ. ಮದುವೆ ಮನೆ ಪಂಕ್ತಿ. ನೀವು ಬಾಳೆ ಎಲೆ ಮುಂದೆ ಕೂತಿದ್ದೀರಿ. ಎಲೆ ತುದಿಗೆ ಉಪ್ಪು ಬಂದಿದೆ. ಆಮೇಲೆ ಏನೂ ಬರುವುದಿಲ್ಲ. ಬಡಿಸುವವರೆಲ್ಲ ನಿಮ್ಮ ಹಿಂದಿನಿಂದ, ಮುಂದಿನಿಂದ, ಪಕ್ಕದಿಂದ ಹೋಗುತ್ತಾರೆ. ನಾಲ್ಕು ನಿಮಿಷ ನೀವು ಒಂದು ಮಾತೂ ಆಡುವುದಿಲ್ಲ. ಮೊದಲು ನೀರು ಚಿಮುಕಿಸಿ ಎಲೆ ಒರೆಸುತ್ತೀರಿ. ಇನ್ನೊಂದು ಸಲ ಒರೆಸುತ್ತೀರಿ. ಆಮೇಲೆ ಉಪ್ಪನ್ನು ಬೆರಳಲ್ಲಿ ಎಡಕ್ಕಿದ್ದದ್ದನ್ನು ಇನ್ನಷ್ಟು ಎಡಕ್ಕೆ ಸರಿಸುತ್ತೀರಿ, ಮುಂದೆ ಬರುವುದಕ್ಕೆ ಜಾಗ ಇರಲಿ ಅಂತ. ಆ ಸರಿಸುವುದಿದೆಯಲ್ಲ, ಅದನ್ನು ನೋಡಿ ನನ್ನ ಅತ್ತೆ ಕೂಡ ನಕ್ಕಿದ್ದರು. ನನ್ನ ಅತ್ತೆ ನಕ್ಕಿದ್ದನ್ನು ನಾನು ನೋಡಿದ್ದು ಎರಡೇ ಸಲ.

ಅದೇ ಪಂಕ್ತಿ ಕಾದಂಬರಿಯಲ್ಲೂ ಬಂದಿದೆ. 71ನೇ ಪುಟದಿಂದ 79ರವರೆಗೆ. ಒಂಬತ್ತು ಪುಟ! ನಿಮ್ಮ ನಾಯಕ ಎಲೆ ಮುಂದೆ ಕೂರುತ್ತಾನೆ. “ಅವನಿಗೆ ಭಯಂಕರ ಹಸಿವಾಗಿತ್ತು!!!” ಎಂದು ಬರೆದಿದ್ದೀರಿ. ಮೂರು ಆಶ್ಚರ್ಯಸೂಚಕ. ಮುಂದಿನ ಸಾಲಿನಲ್ಲಿ ಅವನ ಹೊಟ್ಟೆ ಹುಲಿಯಂತೆ ಗುರುಗುಟ್ಟುತ್ತದೆ. ಅದರ ಮುಂದಿನ ಸಾಲಿನಲ್ಲಿ ಸಿಂಹದಂತೆ. ಪಕ್ಕದವನು ಅದಕ್ಕೊಂದು ಜೋಕು ಹೇಳುತ್ತಾನೆ. ಇನ್ನೊಬ್ಬ ಆ ಜೋಕನ್ನು ಬಿಡಿಸಿ ಹೇಳುತ್ತಾನೆ. ಕೊನೆಗೆ “ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.”

ಆ ಕಡೆಯ ವಾಕ್ಯದ ಬಗ್ಗೆ ಮಾತಾಡಲೇಬೇಕು. ಎರಡನೇ ದಿನ ನಿಡವಂದ ಸ್ಟೇಷನ್ನಿನಲ್ಲಿ ರೈಲು ಬಹಳ ಹೊತ್ತು ನಿಂತಿತ್ತು. ಬೇರೆ ಕೆಲಸವಿಲ್ಲದೆ ಪೆನ್ಸಿಲ್ ಹಿಡಿದು ಎಣಿಸಿದೆ. “ಎಲ್ಲರೂ ನಕ್ಕರು”, “ಬಿದ್ದು ಬಿದ್ದು ನಕ್ಕರು”, “ನಗೆಯ ಅಲೆ ಎದ್ದಿತು”, “ಹಹಹ”. ಎಲ್ಲ ಸೇರಿ ಅರವತ್ತಕ್ಕೂ ಜಾಸ್ತಿ. ನಿಮ್ಮ ಟಿವಿ ಶೋನಲ್ಲಿ ಮಾತು ಮುಗಿದ ಕೂಡಲೇ ಹಿಂದಿನಿಂದ ಒಂದು ನಗುವಿನ ಶಬ್ದ ಹಾಕುತ್ತಾರಲ್ಲ, ಇದು ಅದೇ. ಟಿವಿಯಲ್ಲಿ ಅದನ್ನು ಸಹಿಸಿಕೊಳ್ಳುತ್ತೇವೆ, ಕೈಯಲ್ಲಿ ರಿಮೋಟ್ ಇರುತ್ತದೆ. ಪುಸ್ತಕದಲ್ಲಿ ಪಾತ್ರಗಳೇ ನಕ್ಕುಬಿಟ್ಟರೆ ಓದುವವರಿಗೆ ಏನು ಕೆಲಸ ಉಳಿಯಿತು ಹೇಳಿ? ಊಟಕ್ಕೆ ಕರೆದು, ಎದುರಿಗೆ ನೀವೇ ಉಂಡು, ತೇಗಿ, “ಚೆನ್ನಾಗಿತ್ತಾ?” ಅಂತ ನಮ್ಮನ್ನು ಕೇಳಿದ ಹಾಗಾಯಿತು.

ವೇದಿಕೆಯಲ್ಲಿ ನೀವು ಉಪ್ಪನ್ನು ಸರಿಸಿದಿರಿ. ಪುಸ್ತಕದಲ್ಲಿ ನಿಮ್ಮ ಬೆರಳು ಇಲ್ಲ. ನಿಮ್ಮ ಮುಖ ಇಲ್ಲ (ಮುಖಪುಟದಲ್ಲಿದೆ, ಅರ್ಧ ಪುಟ ತುಂಬಾ ಇದೆ, ಆದರೆ ಒಳಗೆ ಬಂದು ಸಹಾಯ ಮಾಡುವುದಿಲ್ಲ). ಮಾತಿನ ನಡುವೆ ನೀವು ನಿಲ್ಲಿಸುವ ಆ ಒಂದು ಕ್ಷಣ ಇಲ್ಲ. ಆ ಮೂರನ್ನೂ ವಾಕ್ಯವೇ ಮಾಡಬೇಕು. ಎಲ್ಲಿ ಉಸಿರು ಎಳೆಯಬೇಕು, ಎಲ್ಲಿ ತಡೆಯಬೇಕು ಎಂಬುದನ್ನು ಪೂರ್ಣವಿರಾಮ ಹೇಳಬೇಕು. ನಾನು ಬರೆಯುವವಳಲ್ಲ. ಆದರೂ ರೈಲಿನಲ್ಲಿ ಕೂತು ಸುಮ್ನೆ ಯೋಚಿಸಿದೆ, ಆ ಪಂಕ್ತಿಯನ್ನು ಕಾಗದದ ಮೇಲೆ ಹೇಗೆ ಕೂರಿಸಬಹುದಿತ್ತು ಅಂತ. “ಉಪ್ಪು ಬಂತು. ಉಪ್ಪಿನಕಾಯಿ ಬರುವುದರಲ್ಲಿತ್ತು. ಅಷ್ಟರಲ್ಲಿ ಉಪ್ಪಿನಕಾಯಿಯವನು ಎದುರು ಸಾಲಿನಲ್ಲಿ ತನ್ನ ಬೀಗರನ್ನು ಕಂಡ.” ಇಷ್ಟು ಸಾಕಿತ್ತೇನೋ. ಹಸಿವು ಅನ್ನುವ ಪದವೇ ಬೇಡ. ಮದುವೆಯಲ್ಲಿ ಉಂಡವರಿಗೆಲ್ಲ ಮುಂದಿನದು ಗೊತ್ತು.

ನನ್ನ ಈ ಬಾಯಿಬಡುಕತನಕ್ಕೆ ನಮ್ಮಪ್ಪ ಕಾರಣ. ಅಪ್ಪ ಮೇಷ್ಟರು. ಮನೆಯಲ್ಲಿ ಒಂದು ಕಬ್ಬಿಣದ ಟ್ರಂಕು, ಅದರ ತುಂಬ ‘ಕೊರವಂಜಿ’ ಪತ್ರಿಕೆಯ ಹಳೆಯ ಸಂಚಿಕೆಗಳು. ಅವೆನ್ಯೂ ರಸ್ತೆಯಲ್ಲಿ ರದ್ದಿ ಲೆಕ್ಕದಲ್ಲಿ ಕೊಂಡು ತಂದು, ರಟ್ಟು ಹಾಕಿ ಬೈಂಡ್ ಮಾಡಿಸಿಟ್ಟಿದ್ದರು. ನಿಮಗೆ ಗೊತ್ತಿರಬಹುದು, 1942ರಲ್ಲಿ ಅದನ್ನು ಶುರುಮಾಡಿದ ರಾಶಿಯವರು ವೃತ್ತಿಯಲ್ಲಿ ಡಾಕ್ಟರು, ಎಂ. ಶಿವರಾಂ. ಹಗಲು ರೋಗಿಗಳ ನಾಡಿ ಹಿಡಿಯುತ್ತಿದ್ದವರು 1967ರವರೆಗೆ, ಅಂದರೆ ಇಪ್ಪತ್ತೈದು ವರ್ಷ, ಒಂದು ನಗೆ ಪತ್ರಿಕೆ ನಡೆಸಿದರು. ಆರ್.ಕೆ. ಲಕ್ಷ್ಮಣ್ ದೇಶಕ್ಕೆಲ್ಲ ಗೊತ್ತಾಗುವ ಮೊದಲು ಅದರಲ್ಲಿ ಚಿತ್ರ ಬರೆಯುತ್ತಿದ್ದರು. ಅಪ್ಪ ಊಟವಾದ ಮೇಲೆ ಒಂದು ತೆಗೆದು ಗಟ್ಟಿಯಾಗಿ ಓದುತ್ತಿದ್ದರು. ಓದುವಾಗ ಅವರು ಮಾತ್ರ ನಗುತ್ತಿರಲಿಲ್ಲ. “ಓದೋನು ನಕ್ಕರೆ ಕೇಳೋರ ಪಾಲು ಕಮ್ಮಿಯಾಗುತ್ತೆ” ಅನ್ನುತ್ತಿದ್ದರು. ಜಿಪುಣ ಮನುಷ್ಯ, ಎಲ್ಲದರಲ್ಲೂ ಪಾಲು ಲೆಕ್ಕ ಹಾಕುತ್ತಿದ್ದರು.

ಅವರು ಬೀಚಿಯವರ ಆತ್ಮಕಥೆಯ ಹೆಸರು ಹೇಳಿದ ದಿನ ನನಗೆ ಚೆನ್ನಾಗಿ ನೆನಪಿದೆ. ‘ನನ್ನ ಭಯಾಗ್ರಫಿ’. ನನಗೆ ಆಗ ಹನ್ನೆರಡು ವರ್ಷ. ಬಯಾಗ್ರಫಿ ಅಂದರೆ ಏನು ಅಂತ ಮೊದಲು ಹೇಳಿಕೊಟ್ಟು, ಆಮೇಲೆ ಬೋರ್ಡಿನ ಮೇಲೆ ಬರೆಯುವ ಹಾಗೆ ಗಾಳಿಯಲ್ಲಿ ‘ಬ’ಗೆ ಒಂದು ಸಣ್ಣ ಸೀಳು ಹಾಕಿ ತೋರಿಸಿದರು. ಅಲ್ಪಪ್ರಾಣ ಮಹಾಪ್ರಾಣವಾಯಿತು, ಅಷ್ಟೇ. ಒಬ್ಬ ಮನುಷ್ಯ ತನ್ನ ಬದುಕಿನ ಕಡೆ ತಿರುಗಿ ನೋಡುವಾಗ ಏನಾಗುತ್ತದೋ ಅದೆಲ್ಲ ಆ ಒಂದು ಸೀಳಿನಲ್ಲಿದೆ. ನಿಮ್ಮ ಕಾದಂಬರಿಯಲ್ಲೂ ಪದಗಳ ಆಟ ಬಹಳ ಇದೆ. ‘ಸಾಫ್ಟ್‌ವೇರ್’ಗೆ ‘ಸಾಫ್ಟ್ ವೈರಿ’ ಅಂದಿದ್ದೀರಿ. ಸರಿ. ಆದರೆ ಯಾರು ಯಾರಿಗೆ ವೈರಿ ಅಂತ ಪುಸ್ತಕ ಮುಗಿದರೂ ತಿಳಿಯಲಿಲ್ಲ. ಪದ ಸಿಕ್ಕಿತು, ಹಾಕಿದಿರಿ. ಕಿರಾಣಿ ಅಂಗಡಿಯಲ್ಲಿ ಚಿಲ್ಲರೆ ಇಲ್ಲದಾಗ ಚಾಕೊಲೇಟ್ ಕೊಡುತ್ತಾರಲ್ಲ, ಹಾಗೆ.

ನೀವು ಒಂದು ಮಾತು ಹೇಳಬಹುದು. ನಾನು ಮಾತಿನ ಮನುಷ್ಯ, ಬರಹದವನಲ್ಲ, ಅದಕ್ಕೇ ಹೀಗಾಯಿತು ಅಂತ. ಒಪ್ಪುವುದಿಲ್ಲ. ಕೈಲಾಸಂ ಕೂಡ ಮಾತಿನ ಮನುಷ್ಯರೇ. ನಾಟಕಗಳನ್ನು ಬಾಯಲ್ಲಿ ಹೇಳುತ್ತಿದ್ದರು, ಜೊತೆಗಿದ್ದವರು ಬರೆದುಕೊಳ್ಳುತ್ತಿದ್ದರು. ಇವತ್ತಿಗೂ ‘ಟೊಳ್ಳು ಗಟ್ಟಿ’ ತೆಗೆದು ಓದಿದರೆ ಪಕ್ಕದ ಕೋಣೆಯಲ್ಲಿ ಜನ ಮಾತಾಡುವುದು ಕೇಳಿಸುತ್ತದೆ. ಯಾಕೆಂದರೆ ಅಲ್ಲಿ ಹುಡುಗನ ಕನ್ನಡ ಬೇರೆ, ಅಪ್ಪನ ಕನ್ನಡ ಬೇರೆ, ಇಂಗ್ಲಿಷ್ ಎಲ್ಲಿ ನುಗ್ಗುತ್ತದೆ ಎಲ್ಲಿ ತಡವರಿಸುತ್ತದೆ ಎಂಬುದು ಬೇರೆ. ನಿಮ್ಮ ಕಾದಂಬರಿಯಲ್ಲಿ ಎಲ್ಲರೂ ನೀವೇ. ಪೂಜಾರಿ, ಪಂಚಾಯ್ತಿ ಮೆಂಬರ್ರು, ಬಡ್ಡಿ ಕೊಡುವವನು, ಹತ್ತು ವರ್ಷದ ಹುಡುಗಿ, ಎಲ್ಲರೂ ಶನಿವಾರ ರಾತ್ರಿ ಟಿವಿ ಶೋನಲ್ಲಿ ಬರುವ ನೀವು.

ಇದರಲ್ಲೂ ಆ ಅಜ್ಜಿ! ಕಥೆ ನಡೆಯುವ ಊರು ಕೊಪ್ಪಳದ ಹತ್ತಿರ ಅಂತ ನೀವೇ ಬರೆದಿದ್ದೀರಿ. ಆ ಅಜ್ಜಿ ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ, ಜಿಲ್ಲೆ ದಾಟಿಲ್ಲ ಅಂತಲೂ ಬರೆದಿದ್ದೀರಿ. ಆದರೆ ಅವಳು ಬಾಯಿ ತೆಗೆದರೆ “ಏನ್ ಮಗಾ, ಸಖತ್ತಾಗಿದ್ಯಾ!” ಅನ್ನುತ್ತಾಳೆ. ನನ್ನ ಜೊತೆ ಕೆಲಸ ಮಾಡುವ ಕೊಪ್ಪಳದ ಹುಡುಗಿಗೆ ಆ ಪುಟ ತೋರಿಸಿದೆ. ಅವಳು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಈ ಅಜ್ಜಿ ಯಾರ ಮನಿಯಾಕಿರೀ? ನಮ್ಮ ಕಡೆ ಅಂತೂ ಅಲ್ಲ ಬಿಡ್ರಿ” ಅಂದಳು. ಅವಳ ಆ ಒಂದು ಮಾತು ನಿಮ್ಮ ಅಜ್ಜಿಯ ಮೂವತ್ತು ಪುಟಕ್ಕಿಂತ ಚೆನ್ನಾಗಿತ್ತು. ಅವಳು ಹಾಸ್ಯ ಮಾಡಲು ಹೊರಟಿರಲಿಲ್ಲ.

ಅತ್ತೆ ಸೊಸೆ ಜಗಳ, ದಪ್ಪ ಹೆಂಡತಿ, ಕುಡುಕ ಗಂಡ, ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟಿವಿಯಲ್ಲಿ ನೋಡಿ ನೋಡಿ ಅಭ್ಯಾಸವಾಗಿದೆ. ಟಿ. ಸುನಂದಮ್ಮನವರು ಅದೇ ಅಡುಗೆಮನೆ, ಅದೇ ಗಂಡ, ಅದೇ ನೆಂಟರನ್ನು ಇಟ್ಟುಕೊಂಡು ನಗಿಸಿದ್ದಾರೆ, ಯಾರ ಸೊಂಟದ ಅಳತೆಯನ್ನೂ ತೆಗೆಯದೆ. ಅಷ್ಟು ಹೇಳಿ ಮುಂದೆ ಹೋಗುತ್ತೇನೆ.

ಆದರೆ 88ನೇ ಪುಟವನ್ನು ಹಾಗೆ ದಾಟಲಾರೆ. ಅಲ್ಲಿ ಉಗ್ಗು ಇರುವ ಒಬ್ಬ ಮನುಷ್ಯ ಬರುತ್ತಾನೆ. ಅವನಿಗೆ ಹೆಸರೂ ಇಟ್ಟಿಲ್ಲ ನೀವು, ‘ತೊದಲ’ ಅಂತ ಕರೆದಿದ್ದೀರಿ. ಅವನು ಬಸ್ ಕಂಡಕ್ಟರ ಹತ್ತಿರ ಊರಿನ ಹೆಸರು ಹೇಳಲು ಪರದಾಡುತ್ತಾನೆ. ಒಂದೂವರೆ ಪುಟ ‘ಗು ಗು ಗು ಗು’ ಅಂತ ಅಚ್ಚಾಗಿದೆ. ಅಕ್ಷರ ಜೋಡಿಸಿದವರಿಗೆ ಕೆಲಸ ಸುಲಭವಾಗಿರಬೇಕು.

ನಮ್ಮ ಚಿಕ್ಕಪ್ಪನಿಗೆ ಉಗ್ಗು ಇತ್ತು. ನಮ್ಮ ಇಡೀ ವಂಶದಲ್ಲಿ ಅವರಷ್ಟು ನಗಿಸುವವರು ಇರಲಿಲ್ಲ. ಉಗ್ಗಿನಿಂದ ಅಲ್ಲ. ಅವರಿಗೆ ಗೊತ್ತಿತ್ತು, ತಾನು ಬಾಯಿ ತೆರೆದ ಕೂಡಲೇ ಎದುರಿನವರು ಕಾಯಲೇಬೇಕು ಅಂತ. ಆ ಕಾಯುವ ಹೊತ್ತನ್ನು ಅವರು ತಮ್ಮ ಜೇಬಿನ ದುಡ್ಡಿನ ಹಾಗೆ ಬಳಸುತ್ತಿದ್ದರು. ಒಂದು ಮದುವೆಯಲ್ಲಿ ದೂರದ ನೆಂಟನೊಬ್ಬ, ಬಾಯಿ ಜೋರು, ಎಲ್ಲರ ಮುಂದೆ ಕೇಳಿದ: “ಅಲ್ಲಯ್ಯಾ, ನಿಂಗೆ ಮಾತೇ ಸರಿಯಾಗಿ ಬರಲ್ಲ. ಮದುವೆಗೆ ಹೆಂಗೆ ಒಪ್ಪಿಗೆ ಕೊಟ್ಟೆ?” ಎಲ್ಲರೂ ಮುಖ ಮುಖ ನೋಡಿಕೊಂಡರು. ಚಿಕ್ಕಪ್ಪ ನಿಧಾನವಾಗಿ ವೀಳ್ಯದೆಲೆಯ ನಾರು ತೆಗೆದರು. “ಬೇ... ಬೇ... ಬೇಡ ಅನ್ನೋಕೇ ಹೊರಟಿದ್ದೆ. ಮುಗಿಸೋಷ್ಟರಲ್ಲಿ ತಾಳಿ ಕಟ್ಟಿಸಿಬಿಟ್ಟರು.”

ಎಲ್ಲರಿಗಿಂತ ಮೊದಲು ನಕ್ಕವರು ಚಿಕ್ಕಮ್ಮ. ಆ ನೆಂಟ ಅದಾದ ಮೇಲೆ ನಮ್ಮ ಕಡೆ ಮದುವೆಗಳಲ್ಲಿ ಚಿಕ್ಕಪ್ಪನಿಂದ ಎರಡು ಸಾಲು ದೂರ ಕೂರುತ್ತಿದ್ದ.

ನಿಮ್ಮ 88ನೇ ಪುಟದಲ್ಲಿ ಆ ಮನುಷ್ಯನಿಗೆ ಒಂದೇ ಒಂದು ಒಳ್ಳೆಯ ಮಾತು ಕೊಡಬಹುದಿತ್ತು. ಕಂಡಕ್ಟರನ ಬಾಯಿ ಮುಚ್ಚಿಸಲು ಒಂದು ಅವಕಾಶ. ನೀವು ಅವನನ್ನು ಬಸ್ಸಿನಿಂದ ಇಳಿಸಿ, “ಎಲ್ಲರೂ ನಕ್ಕರು” ಅಂತ ಬರೆದಿರಿ. ಅವತ್ತು ಸಂಜೆ ಪುಸ್ತಕ ಮುಚ್ಚಿ ಕಿಟಕಿ ಹೊರಗೆ ನೋಡುತ್ತಾ ಬಂದೆ.

ಇನ್ನು ನಿಮ್ಮ ಪ್ರಕಾಶಕರಿಗೆ ಎರಡು ಮಾತು. ಈ ಪತ್ರವನ್ನು ಅವರಿಗೂ ತೋರಿಸಿ.

ಸ್ವಾಮಿ, ನಿಮ್ಮ ಕಷ್ಟ ನನಗೆ ಗೊತ್ತು. ಕನ್ನಡದಲ್ಲಿ ಒಂದು ಪುಸ್ತಕ ಸಾವಿರ ಪ್ರತಿ ಅಚ್ಚು ಹಾಕಿ, ಅದು ಖಾಲಿಯಾಗಲು ವರ್ಷಗಟ್ಟಲೆ ಕಾಯುವವರು ನೀವು. ಟಿವಿಯ ಮುಖವೊಂದು ಸಿಕ್ಕಿದರೆ ಉಳಿದ ಹತ್ತು ಪುಸ್ತಕಗಳ ಕಾಗದದ ಬಿಲ್ಲು ಅದರಿಂದಲೇ ತೀರುತ್ತದೆ ಅಂದರೆ ನನ್ನ ತಕರಾರಿಲ್ಲ. ಮುಖ ಮಾರಿ. ಆದರೆ ಅಚ್ಚಿಗೆ ಕಳಿಸುವ ಮೊದಲು ಯಾರಾದರೂ ಒಬ್ಬರು ಓದಬಾರದಿತ್ತೇ? ನಾಯಕಿಯ ಹೆಸರು 31ನೇ ಪುಟದಲ್ಲಿ ಶೈಲಜಾ, 112ರಲ್ಲಿ ಶೈಲಾ, 140ರಲ್ಲಿ ಶಾಲಿನಿ. ಕೊನೆಯಲ್ಲಿ ಮದುವೆಯಾಗುವಾಗ ಮತ್ತೆ ಶೈಲಜಾ. ನಾಯಕ ಎಷ್ಟು ಜನರನ್ನು ಮದುವೆಯಾದ ಅಂತ ನಾನು ಹಿಂದಿನ ಪುಟಗಳಿಗೆ ಹೋಗಿ ನೋಡಬೇಕಾಯಿತು. ನಿಜ ಹೇಳಬೇಕೆಂದರೆ ಪುಸ್ತಕದ ಒಳ್ಳೆಯ ಹಾಸ್ಯಗಳಲ್ಲಿ ಅದೂ ಒಂದು, ಆದರೆ ಬರೆದವರಿಗೆ ಗೊತ್ತಿಲ್ಲ.

ಬೆನ್ನುಡಿಯಲ್ಲಿ ಇನ್ನೊಬ್ಬ ನಟರಿಂದ “ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು” ಅಂತ ಬರೆಸಿದ್ದೀರಿ. ನನಗೆ ಡಾಕ್ಟರು ಹೇಳಿದ ನಿಜವಾದ ಹೊಟ್ಟೆ ಹುಣ್ಣು ಇದೆ, ಹತ್ತು ವರ್ಷದಿಂದ. ನಾಲ್ಕು ದಿನ ಓದಿದರೂ ಅದು ಒಂದಿಷ್ಟೂ ಅಲುಗಾಡಲಿಲ್ಲ.

ಇಂಗ್ಲೆಂಡಿನಲ್ಲಿ ಪಿ.ಜಿ. ವುಡ್‌ಹೌಸ್ ಹೆಸರಿನಲ್ಲಿ ಹಾಸ್ಯ ಕಾದಂಬರಿಗೊಂದು ಬಹುಮಾನ ಇದೆ. 2000ದಲ್ಲಿ ಶುರುವಾದದ್ದು. ಗೆದ್ದವರಿಗೆ ಶಾಂಪೇನ್, ವುಡ್‌ಹೌಸ್ ಪುಸ್ತಕಗಳ ರಾಶಿ, ಜೊತೆಗೆ ಒಂದು ಹಂದಿಗೆ ಗೆದ್ದ ಕಾದಂಬರಿಯ ಹೆಸರಿಡುವ ಗೌರವ. ವುಡ್‌ಹೌಸ್ ಕಥೆಗಳಲ್ಲಿ ಒಂದು ದೊಡ್ಡ ಹಂದಿ ಬರುತ್ತದೆ, ಅದಕ್ಕೆ. 2018ರಲ್ಲಿ 62 ಪುಸ್ತಕಗಳು ಬಂದಿದ್ದವು. ತೀರ್ಪುಗಾರರು ಓದಿ, ಎಲ್ಲರನ್ನೂ ಗಟ್ಟಿಯಾಗಿ ನಗಿಸಿದ್ದು ಒಂದೂ ಇಲ್ಲ ಅಂತ ಹೇಳಿ ಆ ವರ್ಷ ಬಹುಮಾನವನ್ನೇ ಕೊಡಲಿಲ್ಲ. ಹಂದಿಗೆ ನಾಮಕರಣ ತಪ್ಪಿತು. ನಮ್ಮಲ್ಲಿ ಇಂಥದ್ದು ನಡೆಯುವುದಿಲ್ಲ ಬಿಡಿ. ಶಾಲು ತರಿಸಿ ಆಗಿರುತ್ತದೆ, ಹಾರ ಬಂದಿರುತ್ತದೆ, ಹಣ್ಣಿನ ಬುಟ್ಟಿಗೆ ಹಳದಿ ಕಾಗದ ಸುತ್ತಿರುತ್ತದೆ. ಯಾರ ಕುತ್ತಿಗೆಗಾದರೂ ಹಾಕಲೇಬೇಕು.

ಅದೇ ವುಡ್‌ಹೌಸ್ ಬಗ್ಗೆ ಇನ್ನೊಂದು ಮಾತು ಹೇಳುತ್ತಾರೆ. ಬರೆದ ಹಾಳೆಗಳನ್ನೆಲ್ಲ ಕೋಣೆಯ ಗೋಡೆಗೆ ಸಾಲಾಗಿ ಪಿನ್ನು ಚುಚ್ಚಿ ಹಚ್ಚುತ್ತಿದ್ದರಂತೆ. ಚೆನ್ನಾಗಿ ಬಂದ ಹಾಳೆ ಮೇಲೆ, ಇನ್ನೂ ತಿದ್ದಬೇಕಾದ್ದು ಕೆಳಗೆ. ತಿದ್ದಿದ ಹಾಗೆಲ್ಲ ಹಾಳೆ ಮೇಲೇರುತ್ತಿತ್ತು. ಎಲ್ಲ ಹಾಳೆಗಳೂ ಮೇಲಿನ ಸಾಲಿಗೆ ಮುಟ್ಟಿದ ಮೇಲೇ ಕಾದಂಬರಿ ಮುಗಿದಂತೆ. ಆಗ ನಾನು ನಿಮ್ಮ 240 ಪುಟಗಳನ್ನು ನಮ್ಮ ಮನೆ ಹಜಾರದ ಗೋಡೆಗೆ ಹಚ್ಚಿದ ಹಾಗೆ ಕಲ್ಪಿಸಿಕೊಂಡೆ. ಬಹಳಷ್ಟು ಹಾಳೆ ನೆಲದ ಹತ್ತಿರವೇ ಉಳಿದವು, ಕಸ ಗುಡಿಸುವಾಗ ಪೊರಕೆಗೆ ಸಿಗುವಷ್ಟು ಕೆಳಗೆ.

ನಿಮ್ಮಂತೆಯೇ ಪರದೆಯಿಂದ ಬಂದ ಒಬ್ಬರ ಕಥೆ ಹೇಳುತ್ತೇನೆ. ಹ್ಯೂ ಲಾರಿ, ಇಂಗ್ಲಿಷ್ ಹಾಸ್ಯನಟ. ಆಮೇಲೆ ಸೀರಿಯಲ್ಲಿನ ಕುಂಟು ಡಾಕ್ಟರಾಗಿ ನಮ್ಮ ಹುಡುಗರಿಗೂ ಗೊತ್ತಾದರು. ಅವರ ಹಾಸ್ಯ ಕಾದಂಬರಿ 1996ರಲ್ಲಿ ಬಂತು. ಅದನ್ನು ಮೊದಲು ಬೇರೆ ಹೆಸರಿನಲ್ಲಿ ಪ್ರಕಾಶಕರಿಗೆ ಕಳಿಸಿದ್ದರಂತೆ, ಮುಖ ನೋಡಿ ಮಣೆ ಹಾಕುವುದು ಬೇಡ ಅಂತ. ನಿಮ್ಮ ಹಸ್ತಪ್ರತಿಯನ್ನೂ ನೀವು ಹಾಗೆ ಕಳಿಸಿದ್ದರೆ ಏನಾಗುತ್ತಿತ್ತು ಅಂತ ಒಂದು ಸಲ ಯೋಚಿಸಿ. ತಿಪಟೂರಿನ ಯಾವನೋ ಹುಡುಗ ಬರೆದದ್ದು ಅಂತ ನಿಮ್ಮ ಪ್ರಕಾಶಕರು ತೆಗೆದು ನೋಡಿದ್ದರೆ, ಎರಡನೇ ‘ಹಹಹ’ ದಾಟುತ್ತಿದ್ದರಾ?

ಅವರು ದಾಟುತ್ತಿರಲಿಲ್ಲ. ದಾಟಿದ್ದರೆ ಮಾತ್ರ 163ನೇ ಪುಟಕ್ಕೆ ಬರುತ್ತಿದ್ದರು. ಈ ಪತ್ರ ಬರೆಯಲು ನಿಜವಾದ ಕಾರಣ ಆ ಪುಟ.

ಅಲ್ಲೊಬ್ಬ ಟೈಲರ್ ಇದ್ದಾನೆ. ರುದ್ರಪ್ಪ. ಯುಗಾದಿಗೆ ಕೊಟ್ಟ ಬಟ್ಟೆಯನ್ನು ಯುಗಾದಿಯ ಮಾರನೇ ದಿನ ಕೊಡುವವನು. ಗೌರಿ ಹಬ್ಬದ್ದು ಗಣಪತಿ ಬಿಟ್ಟ ಮೇಲೆ. ಊರಿನವರು ಅವನ ಹತ್ತಿರ ಹಬ್ಬದ ದಿನಾಂಕವನ್ನೇ ಒಂದು ವಾರ ಹಿಂದಕ್ಕೆ ಹಾಕಿ ಹೇಳುತ್ತಾರೆ. ಅವನಿಗೆ ಅದು ಗೊತ್ತು, ಒಂದು ವಾರ ಮುಂದಕ್ಕೆ ಲೆಕ್ಕ ಹಾಕಿಕೊಳ್ಳುತ್ತಾನೆ. ಮಾತು ಕಮ್ಮಿ, ಬಾಯಲ್ಲಿ ಯಾವಾಗಲೂ ಎರಡು ಗುಂಡುಸೂಜಿ. ಅವನು ಸತ್ತಾಗ ಮಗ ಅಂಗಡಿ ತೆರೆದು ನೋಡುತ್ತಾನೆ. ಗೂಟಕ್ಕೆ ಒಂದು ಹೊಸ ಬಿಳಿ ಅಂಗಿ, ಅಪ್ಪ ತನಗಾಗಿ ಹೊಲಿದುಕೊಳ್ಳುತ್ತಿದ್ದದ್ದು. ಗುಂಡಿ ಹಾಕಿರಲಿಲ್ಲ.

ಒಂದೂವರೆ ಪುಟ. ಒಂದೂ ಆಶ್ಚರ್ಯಸೂಚಕ ಇಲ್ಲ. ಯಾರೂ ನಗುವುದಿಲ್ಲ. ರೈಲು ದೊಡ್ಡಬೆಲೆ ದಾಟುತ್ತಿತ್ತು, ದಿನಾಂಕದ ಜಾಗಕ್ಕೆ ಬಂದಾಗ ನನಗೆ ‘ಫುಸ್’ ಅಂತ ಬಂತು. ಎದುರಿಗಿದ್ದವರು ಕಣ್ಣು ಬಿಟ್ಟು ನೋಡಿ ಮತ್ತೆ ಮುಚ್ಚಿದರು. ಗುಂಡಿಯ ಹತ್ತಿರ ಬಂದಾಗ ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಪುಟ ತಿರುಗಿಸಿದೆ. ರುದ್ರಪ್ಪ ಇಲ್ಲ. ಮಗನೂ ಇಲ್ಲ. ಅಂಗಡಿಯೂ ಇಲ್ಲ. ಕುಡುಕ ಗಂಡ ಬಚ್ಚಲಲ್ಲಿ ಜಾರಿ ಬೀಳುತ್ತಿದ್ದಾನೆ, “ಎಲ್ಲರೂ ನಕ್ಕರು.”

ಈ ಮನುಷ್ಯ ಎಲ್ಲಿಂದ ಬಂದ ಸಾರ್? ನಿಮ್ಮ ಶೋನಲ್ಲಿ ಅವನನ್ನು ನಾನು ಯಾವತ್ತೂ ನೋಡಿಲ್ಲ. ಅವನಿಗೆ ವೇದಿಕೆಯಲ್ಲಿ ಕೆಲಸವಿಲ್ಲ, ಚಪ್ಪಾಳೆ ಬರುವಂಥದ್ದು ಏನೂ ಮಾಡುವುದಿಲ್ಲ. ಅವನು ನಿಮಗೆ ನಿಜವಾಗಿ ಗೊತ್ತಿದ್ದ ಯಾರೋ ಇರಬೇಕು. ನಿಮ್ಮ ಬೀದಿಯವನೋ, ಮನೆಯವನೋ. ಕೇಳುವ ಹಕ್ಕು ನನಗಿಲ್ಲ. ಆದರೆ ಉಳಿದ 238 ಪುಟ ಬರೆಯುವಾಗ ನಿಮ್ಮ ಕಣ್ಣೆದುರು ಜನ ಕೂತಿದ್ದರು, ಅವರನ್ನು ನಗಿಸಬೇಕಿತ್ತು. ಈ ಒಂದೂವರೆ ಪುಟ ಬರೆಯುವಾಗ ಅವರೆಲ್ಲ ಎದ್ದು ಹೋಗಿದ್ದರು ಅಂತ ಕಾಣುತ್ತದೆ. ಕೋಣೆಯಲ್ಲಿ ನೀವೂ ಅವನೂ ಇಬ್ಬರೇ.

ಎರಡನೇ ಕಾದಂಬರಿ ಬರೆಯುತ್ತಿದ್ದೀರಿ ಅಂತ ಮೊನ್ನೆ ಎಲ್ಲೋ ಹೇಳಿದ್ದು ಕೇಳಿದೆ. ಈಗಾಗಲೇ ಹೆಸರೂ ಇಟ್ಟಾಗಿದೆ, ಮುಖಪುಟದ ಫೋಟೋ ಸಹ ತೆಗೆಸಿದ್ದೀರಂತೆ. ನನ್ನ ಬೇಡಿಕೆ ದೊಡ್ಡದಲ್ಲ. ಆ ಅಂಗಿಗೆ ಯಾರು ಗುಂಡಿ ಹಾಕಿದರು ಅಂತ ಹೇಳಿ. ಮಗ ಹಾಕಿದನಾ? ಅವನಿಗೆ ಹೊಲಿಗೆ ಬರುತ್ತಿತ್ತಾ? ತಿಥಿಯ ಹೊತ್ತಿಗೆ ಆಯಿತಾ, ಇಲ್ಲ ಅದೂ ಮಾರನೇ ದಿನವಾ?

ಪುಸ್ತಕವನ್ನು ಯಾರಿಗೂ ಕೊಟ್ಟಿಲ್ಲ, ರದ್ದಿಗೂ ಹಾಕಿಲ್ಲ. ನನ್ನ ರೈಲ್ವೆ ಪಾಸು ಅದರ 163ನೇ ಪುಟದಲ್ಲಿದೆ. ಟಿಕೆಟ್ ಕೇಳಲು ಬಂದಾಗಲೆಲ್ಲ ಅಲ್ಲಿಂದಲೇ ತೆಗೆದು ತೋರಿಸುತ್ತೇನೆ.

ಇಂತಿ,
ತುಮಕೂರಿನ ಒಬ್ಬ ಓದುಗಿ